ರಕ್ತವಿಲ್ಲದ ಹಿತ್ತಲು

ಬೆಳಿಗ್ಗೆ ಆರೂವರೆಗೆ ಠಾಣೆಗೆ ಫೋನ್ ಬಂತು. ಏಳಕ್ಕೆಲ್ಲ ಇನ್ಸ್‌ಪೆಕ್ಟರ್ ಆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಿಂತೇ ಇದ್ದಳು. ಒಳಗೆ ಕಾಲಿಡಲಿಲ್ಲ.

ಹೆಣಕ್ಕೆ ಹೆದರಿ ಅಲ್ಲ. ಅಲ್ಲಿ ಹೆಣವಿರಲೇ ಇಲ್ಲ. ಬೀದಿಯವರೆಲ್ಲ ಮೊಟ್ಟೆಯಮ್ಮ ಎಂದು ಕರೆಯುವ ಅರವತ್ತೆಂಟರ ವಿಧವೆಯನ್ನು, ತಲೆ ಒಡೆದು ಬಿದ್ದಿದ್ದವಳನ್ನು, ಆಂಬುಲೆನ್ಸಿನವರು ಆಗಲೇ ಎತ್ತಿಕೊಂಡು ಹೋಗಿದ್ದರು. ಇನ್ನೂ ಉಸಿರಿತ್ತು. ಇನ್ಸ್‌ಪೆಕ್ಟರಳ ಕಾಲು ಕಟ್ಟಿಹಾಕಿದ್ದು ಹುಂಜ.

ಕೆಂಪು ಜುಟ್ಟಿನ, ಮೊಳಕಾಲೆತ್ತರದ ಹುಂಜ. ಕತ್ತು ವಾರೆ ಮಾಡಿ ಅವಳನ್ನೇ ನೋಡುತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಚಾಕು ಹಿಡಿದವರನ್ನು, ಮಚ್ಚು ಬೀಸಿದವರನ್ನು ಎದುರಿಸಿದ್ದ ಹೆಂಗಸು ಅವಳು. ಆದರೆ ಎಂಟನೆಯ ವಯಸ್ಸಿನಲ್ಲಿ ಅಜ್ಜಿಮನೆಯ ಹುಂಜವೊಂದು ಅಟ್ಟಿಸಿಕೊಂಡು ಬಂದು ಮೀನಖಂಡಕ್ಕೆ ಒದ್ದಿತ್ತು. ಅಂದಿನಿಂದ ಕೋಳಿ ಕಂಡರೆ ಅವಳ ಜೀವ ಬಾಯಿಗೆ ಬರುತ್ತಿತ್ತು.

"ಅಮ್ಮಾವ್ರೇ, ಇಲ್ಲೇ ಬಿದ್ದಿದ್ರಂತೆ," ಎಂದು ಹೆಡ್ ಕಾನ್‌ಸ್ಟೇಬಲ್ ಹಿತ್ತಲ ನಡುವಿನ ಕಲ್ಲಿನ ತೊಟ್ಟಿ ತೋರಿಸಿದ. ಠಾಣೆಯಲ್ಲಿ ಅವನ ಹೆಸರು ಯಾರಿಗೂ ನೆನಪಿಲ್ಲ; ಮೀಸೆ ಎಂದರೆ ಅವನೇ. "ಆ ಹೆಬ್ಬಾತು ಹತ್ತಿರ ಯಾರನ್ನೂ ಬಿಡ್ಲಿಲ್ವಂತೆ. ಅಜ್ಜಿ ಪಕ್ಕ ರೆಕ್ಕೆ ಬಿಚ್ಚಿ ನಿಂತ್ಕೊಂಡು ಬುಸ್ ಅಂತಿತ್ತಂತೆ. ಆಂಬುಲೆನ್ಸಿನವರು ಕಂಬಳಿ ಹೊದಿಸಿ ಅದನ್ನ ಹಿಡ್ಕೊಂಡ್ರಂತೆ."

ಇನ್ಸ್‌ಪೆಕ್ಟರ್ ಬಾಗಿಲಿನಿಂದಲೇ ಕಣ್ಣಾಡಿಸಿದಳು. ಮೂರು ಕಡೆ ಎದೆಯೆತ್ತರದ ಗೋಡೆ. ನೆಲಕ್ಕೆಲ್ಲ ಕಲ್ಲುಚಪ್ಪಡಿ. ಕಾಳಿನ ಬಕೆಟ್ ಬೋರಲಾಗಿ ಬಿದ್ದಿತ್ತು; ಸುತ್ತ ಒಂದು ಕಾಳೂ ಉಳಿದಿರಲಿಲ್ಲ. ಹನ್ನೆರಡು ಕೋಳಿ, ಒಂದು ಹುಂಜ, ಒಂದು ಹೆಬ್ಬಾತು. ಮೂಲೆಯಲ್ಲಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಕೂತ ತಾಯಿಕೋಳಿ.

ಆಸ್ಪತ್ರೆಗೆ ಫೋನ್ ಮಾಡಿದಳು.

"ತಲೆ ಹಿಂಭಾಗ ಒಡೆದಿದೆ," ಎಂದರು ಡಾಕ್ಟರ್. "ಪ್ರಜ್ಞೆ ಇಲ್ಲ. ರಕ್ತ ತುಂಬಾ ಹೋಗಿದೆ. ಬದುಕ್ತಾರಾ ಅಂತ ಸಂಜೆವರೆಗೆ ಕೇಳ್ಬೇಡಿ."

"ತುಂಬಾ ಅಂದ್ರೆ ಎಷ್ಟು?"

"ಒಂದು ಲೋಟ ಅಂತೂ ಹೋಗಿದೆ. ಸ್ವಲ್ಪ ಬಟ್ಟೇಲಿದೆ. ಉಳಿದದ್ದು ನೆಲದಲ್ಲಿರ್ಬೇಕು, ನೋಡಿ."

ನೋಡಿದಳು. ಮೀಸೆ ಬಗ್ಗಿ ಬಗ್ಗಿ ಎರಡು ಸಲ ನೋಡಿದ. ಚಪ್ಪಡಿಯ ಮೇಲೆ ಒಂದು ಹನಿ ರಕ್ತವಿರಲಿಲ್ಲ.

"ಹಂಗಾದ್ರೆ ಏಟು ಬಿದ್ದಿದ್ದು ಇಲ್ಲಲ್ಲ ಅಮ್ಮಾವ್ರೇ. ಬೇರೆಲ್ಲೋ ಹೊಡೆದು ಇಲ್ಲಿಗೆ ತಂದು ಹಾಕಿದಾರೆ," ಎಂದ ಮೀಸೆ. ದನಿ ತಗ್ಗಿಸಿ ಸೇರಿಸಿದ, "ಅಡುಗೆಮನೆ ನೆಲ ಈಗ ತಾನೇ ಒರೆಸಿದಾರೆ. ಫಿನಾಯಿಲ್ ವಾಸನೆ ಮೂಗಿಗೆ ಹೊಡೀತಿದೆ."

* * *

ಅಡುಗೆಮನೆಯಲ್ಲಿ ಸೊಸೆ ಸ್ಟೂಲಿನ ಮೇಲೆ ಕೂತಿದ್ದಳು. ಬಸ್ ಕಂಡಕ್ಟರ್. ಮೂವತ್ತರ ಒಳಗಿನ ವಯಸ್ಸು. ಮೈಮೇಲೆ ಆಗಲೇ ಖಾಕಿ ಅಂಗಿ. ಎಂಟು ಗಂಟೆಯ ಬಸ್ಸಿಗೆ ಹೋಗಬೇಕಿದ್ದವಳು.

"ನೆಲ ಯಾವಾಗ ಒರೆಸಿದ್ರಿ?"

"ಐದೂವರೆಗೆ. ದಿನಾ ಒರೆಸ್ತೀನಿ. ಬಾಗಿಲು ತೆಗೆದ್ರೆ ಸಾಕು, ಕೋಳಿ ಒಳಗೆ ಬಂದು ಗಲೀಜು ಮಾಡುತ್ತೆ."

"ಆಮೇಲೆ?"

"ಸ್ನಾನಕ್ಕೆ ಹೋದೆ. ಹಿತ್ತಲಲ್ಲಿ ಗದ್ದಲ ಕೇಳಿಸ್ತು. ಅದು ದಿನಾ ಇದ್ದದ್ದೇ ಅಂತ ಸುಮ್ಮನಾದೆ. ಆಚೆ ಬಂದು ತಲೆ ಒರೆಸ್ಕೊಳ್ತಾ ಇದ್ದೆ, ಪಕ್ಕದ ಬಣ್ಣದ ಮೀನಿನಂಗಡಿಯವರು ಮುಂಬಾಗಿಲು ಬಡಿದ್ರು. ಅವರೇ ಆಂಬುಲೆನ್ಸಿಗೂ ನಿಮಗೂ ಫೋನ್ ಮಾಡಿದ್ದು."

"ನಿನ್ನೆ ಜಗಳ ಆಯ್ತಂತೆ?"

"ಆಯ್ತು." ಅವಳು ಮುಚ್ಚಿಡಲಿಲ್ಲ. "ಈ ಮನೇಲಿ ಕೋಳಿ ಇರ್ಬೇಕು, ಇಲ್ಲಾ ನಾನಿರ್ಬೇಕು ಅಂದೆ. ಕೋಳಿ ಮೊಟ್ಟೆ ಕೊಡುತ್ತೆ, ನೀನು ಬರೀ ಟಿಕೆಟ್ ಕೊಡ್ತೀಯ ಅಂದ್ರು ಅತ್ತೆ."

ಮೀಸೆ ಕೆಮ್ಮಿದ. ನಗು ತಡೆದ ಕೆಮ್ಮು.

ಇನ್ಸ್‌ಪೆಕ್ಟರ್ ಅವಳ ಬಲ ಮುಂಗೈ ನೋಡಿದಳು. ಚರ್ಮದ ಮೇಲೆ ಎದುರುಬದುರಾಗಿ ಎರಡು ಅರ್ಧಚಂದ್ರದ ಗುರುತು. ಅಂಚಿನಲ್ಲಿ ನೇರಳೆ, ನಡುವೆ ಹಳದಿ ಬೆರೆತ ಹಸಿರು.

"ಇದೇನು?"

"ಹೆಬ್ಬಾತು. ಭಾನುವಾರ ಕಚ್ಚಿ ತಿರುಚಿಬಿಡ್ತು. ಅದಕ್ಕೇ ನಿನ್ನೆ ಅಷ್ಟು ದೊಡ್ಡ ಜಗಳ ಆಗಿದ್ದು."

ಮೀಸೆ ತನ್ನ ಪುಸ್ತಕದಲ್ಲಿ ‘ಕೈಗೆ ಗಾಯ’ ಎಂದು ಬರೆದು ಕೆಳಗೆ ಗೆರೆ ಎಳೆದ. ಸೊಸೆ ಅದನ್ನು ನೋಡಿದಳು. ಅವಳ ತುಟಿ ಬಿಳಿಚಿಕೊಂಡಿತು.

"ನಿಮ್ಮ ಯಜಮಾನ್ರು?"

"ಲಾರಿ ಓಡಿಸ್ತಾರೆ. ಲೋಡ್ ತಗೊಂಡು ಹೋಗಿ ನಾಲ್ಕು ದಿನ ಆಯ್ತು. ಫೋನ್ ಮಾಡಿ ಹೇಳಿದೆ." ಅವಳು ಅಂಗಿಯ ತೋಳನ್ನು ಗಾಯದ ಮೇಲೆ ಎಳೆದುಕೊಂಡಳು. "ಮೊದಲು ಅಮ್ಮ ಹೇಗಿದ್ದಾಳೆ ಅಂದ್ರು. ಆಮೇಲೆ, ‘ನೀನೇನೂ ಮಾಡಿಲ್ಲ ತಾನೆ?’ ಅಂತ ಕೇಳಿದ್ರು."

ಒಲೆಯ ಮೇಲೆ ಆರಿ ಹೋದ ಚಹಾ ಕೆನೆಗಟ್ಟಿತ್ತು.

"ಕಟ್ಕೊಂಡವರೇ ಹಾಗೆ ಕೇಳಿದ ಮೇಲೆ, ನಿಮಗೆ ನಾನೇನು ಹೇಳ್ಲಿ?"

* * *

ಎಡಗಡೆ ಮನೆಯಲ್ಲಿ ನಿವೃತ್ತ ಬ್ಯಾಂಡ್ ಮಾಸ್ಟರ್ ಇದ್ದರು. ಆ ಹುಂಜದ ಮೇಲೆ ಠಾಣೆಗೆ ಏಳು ದೂರು ಬರೆದುಕೊಟ್ಟಿದ್ದ ಮನುಷ್ಯ. ಒಂದು ದೂರಿನಲ್ಲಿ ‘ಅದನ್ನು ನೀವು ಮುಗಿಸದಿದ್ದರೆ ನಾನೇ ಮುಗಿಸುತ್ತೇನೆ’ ಎಂದು ಬರೆದದ್ದು ಮೀಸೆಗೆ ಬಾಯಿಪಾಠವಾಗಿತ್ತು.

"ಹುಂಜಾನ ಮುಗಿಸ್ತೀನಿ ಅಂದಿದ್ದೆ ಸ್ವಾಮೀ, ಆ ತಾಯೀನ ಅಲ್ಲ!" ಬ್ಯಾಂಡ್ ಮಾಸ್ಟರ್ ಉರಿದುಬಿದ್ದರು. "ನಾನು ಬೆಳಿಗ್ಗೆ ಐದರಿಂದ ಆರೂವರೆವರೆಗೆ ಬೀದಿ ಕಿಟಕಿ ಹತ್ತಿರ ಕೂತು ಕಹಳೆ ಊದ್ತೀನಿ. ಇಡೀ ಬೀದಿ ಕೇಳಿಸ್ಕೊಳ್ಳುತ್ತೆ. ಹೋಗಿ ವಿಚಾರಿಸಿ."

ವಿಚಾರಿಸಿದ್ದಾಯಿತು. ಕೇಳಿಸಿಕೊಂಡದ್ದು ಮಾತ್ರವಲ್ಲ, ಬೀದಿಯವರು ಅದರ ಬಗ್ಗೆಯೂ ದೂರು ಕೊಡಬೇಕೆಂದಿದ್ದರು.

ಆದರೆ ಮಾಸ್ಟರ ಬಳಿ ಒಂದು ಡೈರಿ ಇತ್ತು. ಪಕ್ಕದ ಹಿತ್ತಲಲ್ಲಿ ಯಾವ ಹಕ್ಕಿ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕೂಗಿತೆಂದು ಅವರು ಊದುವುದನ್ನು ನಡುವೆ ನಿಲ್ಲಿಸಿಯಾದರೂ ನಿಮಿಷ ಸಮೇತ ಬರೆದಿಡುತ್ತಿದ್ದರು. ಇನ್ಸ್‌ಪೆಕ್ಟರ್ ಇವತ್ತಿನ ಪುಟ ತೆರೆದಳು. ‘ಐದು ಐವತ್ತೆರಡು. ಹೆಬ್ಬಾತು, ಹುಂಜ, ಎಲ್ಲ ಕೋಳಿಗಳು ಒಟ್ಟಿಗೆ. ಎಂಟು ನಿಮಿಷ. ಇಷ್ಟು ವಿಕಾರವಾಗಿ ಎಂದೂ ಕೇಳಿಲ್ಲ.’

"ಕಾಳು ಹಾಕೋ ಹೊತ್ತಲ್ವಾ ಅದು?"

"ಅಲ್ಲ. ಅದು ಸರಿಯಾಗಿ ಆರಕ್ಕೆ. ಆಗಿನ ಸದ್ದೇ ಬೇರೆ, ಹಬ್ಬದೂಟಕ್ಕೆ ಕರೆದ ಹಾಗಿರುತ್ತೆ. ಇದು ಯುದ್ಧದ ಸದ್ದು."

ಬಣ್ಣದ ಮೀನಿನಂಗಡಿಯವನು ಅಷ್ಟರಲ್ಲಿ ಪೊಲೀಸರಿಗೆಲ್ಲ ಚಹಾ ತಂದಿದ್ದ. ಬಲಗಡೆ ಗೋಡೆಯಾಚೆ ಅವನ ಅಂಗಡಿಯ ಹಿಂಭಾಗ. ನಲವತ್ತರ, ಮೃದು ಮಾತಿನ ಮನುಷ್ಯ. ಸ್ವಲ್ಪ ಕುಂಟುತ್ತಿದ್ದ.

"ಕಾಲಿಗೇನಾಯ್ತು?"

"ತೊಟ್ಟಿ ಗಾಜು ತಾಗ್ತು ಮೇಡಂ. ನಮ್ಮ ಕಸುಬಿನಲ್ಲಿ ಇದು ಮಾಮೂಲಿ."

"ನೀವು ನೋಡಿದ್ದೇನು?"

"ಆರೂವರೆಗೆ ಹಿಂದಿನ ಬಾಗಿಲು ತೆಗೆದೆ. ಗೋಡೆ ಮೇಲಿಂದ ನೋಡಿದ್ರೆ ಅಜ್ಜಿ ಬಿದ್ದಿದ್ರು. ಮುಂಬಾಗಿಲಿಗೆ ಓಡಿ ಸೊಸೇನ ಕರೆದೆ. ಹಿತ್ತಲಿಗೆ ನಾನು ಕಾಲೇ ಇಟ್ಟಿಲ್ಲ. ಆ ಕೋಳಿಗಳ ಸಹವಾಸ ಯಾರಿಗೆ ಬೇಕು!" ಅವನು ಆಚೀಚೆ ನೋಡಿದ. "ಹೇಳಬಾರದು, ಆದ್ರೂ ಹೇಳ್ತೀನಿ. ಆ ಹುಡುಗಿ ಬಾಯಿ ಜೋರು. ನಿನ್ನೆ ರಾತ್ರಿ ಇಬ್ರೂ..."

"ಗೊತ್ತು," ಎಂದಳು ಇನ್ಸ್‌ಪೆಕ್ಟರ್. ಚಹಾ ಕುಡಿಯಲಿಲ್ಲ.

* * *

ಹತ್ತು ಗಂಟೆಗೆ ಮೀಸೆ ಕೇಳಿದ, "ಸೊಸೇನ ಠಾಣೆಗೆ ಕರ್ಕೊಂಡು ಹೋಗೋಣ್ವಾ?"

"ಇನ್ನೊಂದು ಸಲ ಹಿತ್ತಲು ನೋಡೋಣ."

"ನೀವು ಒಳಗೆ ಬರ್ತೀರಾ?"

"ನೀನು ಮುಂದೆ ನಡಿ," ಎಂದು ಇನ್ಸ್‌ಪೆಕ್ಟರ್ ಒಂದು ಮೊರ ಎತ್ತಿಕೊಂಡಳು. ಗುರಾಣಿಯ ಹಾಗೆ ಹಿಡಿದು ಅವನ ಹಿಂದೆ ನಡೆದಳು.

ಹೆಬ್ಬಾತು ಕತ್ತು ನೆಲಕ್ಕೆ ಚಾಚಿ, ಹಾವಿನ ಹಾಗೆ ಬಂತು. ಮೀಸೆ ಕೈ ಚಾಚಿ "ಶೂ!" ಎಂದ. ಅದು ಅವನ ಹೆಬ್ಬೆರಳು ಹಿಡಿದು ತಿರುಚಿತು. ಮೀಸೆ ಬೊಬ್ಬೆ ಹೊಡೆದ. ಉಗುರಿನ ಬುಡ ಕಿತ್ತು ರಕ್ತ ಚಿಮ್ಮಿ, ಐದಾರು ಹನಿ ಚಪ್ಪಡಿಯ ಮೇಲೆ ಬಿದ್ದವು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮೂರು ಕೋಳಿಗಳು ಓಡಿ ಬಂದವು. ಹಿಂದೆ ಇನ್ನೂ ನಾಲ್ಕು. ಕಟ ಕಟ ಕಟ. ತಲೆಗಳು ಏಳುವ ಹೊತ್ತಿಗೆ ಕಲ್ಲು ನೆಕ್ಕಿ ಒರೆಸಿದ ಹಾಗಿತ್ತು. ಒಂದು ಕೋಳಿ ಇನ್ನೂ ಬೇಕೆಂಬಂತೆ ಮೀಸೆಯ ಬೆರಳನ್ನೇ ನೋಡುತ್ತ ನಿಂತಿತು.

ಇನ್ಸ್‌ಪೆಕ್ಟರಳ ಕೈಯಿಂದ ಮೊರ ಜಾರಿತು.

"ಅಯ್ಯೋ ದೇವ್ರೇ, ನನ್ನ ರಕ್ತ ಕುಡಿದ್ವು!"

"ಸುಮ್ನಿರು. ನಮ್ಮ ಕಣ್ಣು ತೆರೆಸಿದ್ವು." ಅವಳು ಮಂಡಿಯೂರಿ ಕಲ್ಲಿನ ತೊಟ್ಟಿಯ ಅಂಚಿನ ಕೆಳಗೆ ಟಾರ್ಚ್ ಬಿಟ್ಟಳು. ಕೊಕ್ಕು ತಲುಪದ ಸಂದಿಯಲ್ಲಿ ಕಂದುಬಣ್ಣದ ಗೆರೆಯೊಂದು ಇಳಿದು ಒಣಗಿತ್ತು. ಅದರಲ್ಲಿ ಎರಡು ಬಿಳಿ ಕೂದಲು ಅಂಟಿದ್ದವು. "ಅಜ್ಜಿ ಬಿದ್ದಿದ್ದು ಇಲ್ಲೇ. ತಲೆ ತಾಗಿದ್ದು ಈ ಅಂಚಿಗೆ. ಅಡುಗೆಮನೆ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ."

"ಹಾಗಿದ್ರೆ ಕಾಲು ಜಾರಿ ಬಿದ್ರಾ?"

ಉತ್ತರ ಕೊಡುವ ಮೊದಲೇ ಗಲಾಟೆ ಎದ್ದಿತು. ಬಿಳಿ ಕೋಳಿಯೊಂದು ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಓಡುತ್ತಿತ್ತು. ಉಳಿದವು ಅದರ ಹಿಂದೆ ಬಿದ್ದಿದ್ದವು. ಕಂದು ಕೋಳಿ ಇನ್ನೊಂದು ತುದಿ ಹಿಡಿದು ಎಳೆಯಿತು. ಕಿತ್ತಳೆ, ನೀಲಿ ಪಟ್ಟಿಯ ರಿಬ್ಬನ್ನಿನಂತೆ ಕಂಡಿತು.

ಇನ್ಸ್‌ಪೆಕ್ಟರ್ ತನ್ನ ಭಯ ಮರೆತು ಹಿಂಡಿನ ನಡುವೆ ನುಗ್ಗಿದಳು. ಎರಡು ಸಲ ಕೈಗೆ ಕುಕ್ಕಿಸಿಕೊಂಡು ಅದನ್ನು ಕಿತ್ತುಕೊಂಡಳು.

ರಿಬ್ಬನ್ ಅಲ್ಲ, ಬಾಲ. ಯಾವುದೋ ಹಲ್ಲಿಯ ಬಾಲ. ಅದರ ಬುಡಕ್ಕೆ ಪಾರದರ್ಶಕ ಟೇಪ್ ಸುತ್ತಿತ್ತು. ಟೇಪಿನಡಿ ಪುಟ್ಟ ಕಾಗದ. ಕಾಗದದ ಮೇಲೆ ಶಾಯಿಯಲ್ಲಿ ಒಂದು ಅಂಕಿ: ಹದಿನಾಲ್ಕು.

* * *

ಪಶುವೈದ್ಯರು ಬಾಲವನ್ನು ಭೂತಗನ್ನಡಿಯಲ್ಲಿ ನೋಡಿ ಸಿಳ್ಳೆ ಹಾಕಿದರು.

"ಇದು ನಮ್ಮ ಕಡೆ ಹುಟ್ಟೋ ಪ್ರಾಣಿ ಅಲ್ಲ. ದೂರದ ದ್ವೀಪದ್ದು. ಹಿಡಿಯೋದು, ಸಾಗಿಸೋದು, ಮಾರೋದು, ಎಲ್ಲ ಅಪರಾಧ. ಕಾಲುಚೀಲದಲ್ಲಿ ಸುತ್ತಿ, ಟೇಪ್ ಹಾಕಿ, ಪೆಟ್ಟಿಗೇಲಿ ತುಂಬಿ ತರ್ತಾರೆ. ಅರ್ಧ ದಾರೀಲೇ ಸಾಯ್ತವೆ, ಪಾಪ."

"ಕೋಳಿ ಇಂಥದ್ದನ್ನ ಹಿಡಿದು ತಿನ್ನುತ್ತಾ ಡಾಕ್ಟ್ರೇ?"

"ಕೋಳಿ ಏನು ತಿನ್ನಲ್ಲ ಅಂತ ಕೇಳಿ! ಇಲಿ, ಕಪ್ಪೆ, ಹಾವಿನ ಮರಿ, ಯಾವುದನ್ನೂ ಬಿಡಲ್ಲ. ಕಾಳು ತಿನ್ಕೊಂಡಿರೋ ಸಾಧು ಪ್ರಾಣಿ ಅಂತ ನಾವು ಅಂದ್ಕೊಂಡಿದೀವಿ. ಅದನ್ನ ಯಾರೂ ಕೋಳಿಗೆ ತಿಳಿಸಿಲ್ಲ."

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿದಳು.

* * *

ಮಧ್ಯಾಹ್ನ ಮೂರಕ್ಕೆ ಬಣ್ಣದ ಮೀನಿನಂಗಡಿಯ ಗಂಟೆ ಟಿಣ್ ಎಂದಿತು. ಒಳಗೆ ಗಾಜಿನ ತೊಟ್ಟಿಗಳ ಸಾಲು. ಗುಳುಗುಳು ಸದ್ದು. ಇನ್ಸ್‌ಪೆಕ್ಟರ್, ಮೀಸೆ, ಇಬ್ಬರು ಅರಣ್ಯಾಧಿಕಾರಿಗಳು. ಅಂಗಡಿಯವನ ನಗು ತುಟಿಯಲ್ಲೇ ಉಳಿಯಿತು, ಕಣ್ಣಿಗೆ ಏರಲಿಲ್ಲ.

"ನಿಮ್ಮ ಪ್ಯಾಂಟ್ ಸ್ವಲ್ಪ ಮೇಲೆತ್ತಿ."

"ಯಾಕೆ ಮೇಡಂ?"

"ಗಾಜಿನ ಗಾಯ ನೋಡೋಣ."

"ಬ್ಯಾಂಡೇಜ್ ಹಾಕಿದೀನಿ..."

"ಬಿಚ್ಚಿ."

ಬಲಗಾಲಿನ ಮೀನಖಂಡದ ಹಿಂಭಾಗದಲ್ಲಿ ಎರಡು ತೂತು. ಒಂದೇ ಎತ್ತರ. ನಡುವೆ ನಾಲ್ಕು ಬೆರಳಿನ ಅಂತರ. ಸುತ್ತ ಊದಿ ಕೆಂಪಾಗಿತ್ತು.

ಇನ್ಸ್‌ಪೆಕ್ಟರ್ ಯಾರೂ ನಿರೀಕ್ಷಿಸದ ಕೆಲಸ ಮಾಡಿದಳು. ತನ್ನ ಎಡಗಾಲನ್ನು ಸ್ಟೂಲಿನ ಮೇಲಿಟ್ಟು ಖಾಕಿ ಪ್ಯಾಂಟ್ ಮಡಚಿದಳು. ಮಾಸಿದ ಎರಡು ಚುಕ್ಕೆ, ಒಂದೇ ಎತ್ತರದಲ್ಲಿ.

"ನನ್ನದು ನಲವತ್ತು ವರ್ಷ ಹಳೇದು. ನಿಮ್ಮದು ಒಂಬತ್ತು ಗಂಟೆ ಹಳೇದು. ಗಾಜು ತಾಗಿದ್ರೆ ಸೀಳುತ್ತೆ, ಹೀಗೆ ಜೋಡಿ ತೂತು ಕೊರೆಯಲ್ಲ. ಇದು ಹುಂಜದ ಕಾಲುಮುಳ್ಳು. ಹಾರಿ ಎರಡೂ ಕಾಲಲ್ಲಿ ಒಟ್ಟಿಗೆ ಒದೆಯುತ್ತೆ. ಅದೂ ನಾವು ಬೆನ್ನು ತೋರಿಸಿ ಓಡುವಾಗ. ಹಿತ್ತಲಿಗೆ ಕಾಲೇ ಇಟ್ಟಿಲ್ಲ ಅಂದ್ರಿ. ಮತ್ತೆ ಹುಂಜ ಗೋಡೆ ಹತ್ತಿ ನಿಮ್ಮಂಗಡಿಗೆ ಮೀನು ಕೊಳ್ಳೋಕೆ ಬಂದಿತ್ತಾ?"

ಹಿಂದಿನ ಕೋಣೆಯಿಂದ ಅರಣ್ಯಾಧಿಕಾರಿ ಕೂಗಿದರು. ಬಿಸಿ ದೀಪದ ಕೆಳಗೆ ಇಪ್ಪತ್ತು ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ಅಂಕಿ. ಒಂಬತ್ತನೆಯದೂ ಹದಿನಾಲ್ಕನೆಯದೂ ಖಾಲಿ. ಉಳಿದ ಹದಿನೆಂಟರಲ್ಲಿ ಕಿತ್ತಳೆ ನೀಲಿ ಪಟ್ಟಿಯ ಹಲ್ಲಿಗಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಎಲ್ಲವೂ ಜೀವಂತ.

ಇನ್ಸ್‌ಪೆಕ್ಟರ್ ಸಮಾಧಾನದಿಂದ ಬಿಡಿಸಿ ಹೇಳಿದಳು.

"ಬೆಳಿಗ್ಗೆ ಎರಡು ಪೆಟ್ಟಿಗೆ ಮುಚ್ಚಳ ಸಡಿಲವಾಗಿತ್ತು. ಹಲ್ಲಿಗಳು ಗೋಡೆ ಹತ್ತಿ ಆಚೆ ಇಳಿದ್ವು. ಕೋಳಿಗಳಿಗೆ ಬೇಟೆ ಸಿಕ್ತು. ನೀವು ಅದನ್ನ ಬಿಡಿಸ್ಕೊಳ್ಳೋಕೆ ಗೋಡೆ ಹಾರಿದ್ರಿ. ಮರಿ ಇರೋ ಹಿತ್ತಲಿಗೆ ಅಪರಿಚಿತ ಹಾರಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ಲ. ಐದು ಐವತ್ತೆರಡಕ್ಕೆ ಯುದ್ಧ ಶುರುವಾಯ್ತು. ಅದಕ್ಕೆ ಬರೆದಿಟ್ಟ ಸಾಕ್ಷಿ ಇದೆ. ಗದ್ದಲ ಕೇಳಿ ಅಜ್ಜಿ ಕಾಳಿನ ಬಕೆಟ್ ಸಮೇತ ಓಡಿ ಬಂದ್ರು. ಆಮೇಲೆ?"

ಅಂಗಡಿಯವನು ನೆಲಕ್ಕೆ ಕುಸಿದ.

"ಕೊಲ್ಲೋಕೆ ಅಂತ ಮಾಡಿದ್ದಲ್ಲ ಮೇಡಂ. ನನ್ನ ಕೈಯಲ್ಲಿ ಒಂಬತ್ತನೇದು ಇತ್ತು, ಅರ್ಧ ಸತ್ತಿತ್ತು, ಆಮೇಲೆ ಉಳೀಲಿಲ್ಲ. ‘ಏನೋ ಅದು, ತೋರ್ಸು’ ಅಂತ ಅಜ್ಜಿ ನನ್ನ ತೋಳು ಹಿಡ್ಕೊಂಡ್ರು. ಕೊಡವಿದೆ. ಅವರು ಹಿಂದಕ್ಕೆ ಬಿದ್ರು. ರಕ್ತ ನೋಡಿ ಓಡಿದೆ. ಆಗ ಆ ಹುಂಜ..." ಅವನು ಮುಖ ಮುಚ್ಚಿಕೊಂಡ. "ಅರ್ಧ ಗಂಟೆ ಒಳಗೆ ಕೂತಿದ್ದೆ. ತಡೆಯೋಕಾಗ್ಲಿಲ್ಲ. ಆಮೇಲೆ ಫೋನ್ ಮಾಡಿದೆ."

"ಫೋನ್ ಮಾಡಿದ್ದು ಒಳ್ಳೇದಾಯ್ತು. ಅದು ನ್ಯಾಯಾಧೀಶರಿಗೂ ತಿಳಿಯುತ್ತೆ," ಎಂದಳು ಇನ್ಸ್‌ಪೆಕ್ಟರ್. ಅವಳ ದನಿ ಗಡುಸಾಯಿತು. "ಆದ್ರೆ ಆ ಹುಡುಗಿ ಕಡೆ ಬೆರಳು ತೋರಿಸಿದ್ರಲ್ಲ, ಅದು ಕೈಜಾರಿ ಆದದ್ದಲ್ಲ."

ಜೀಪಿನಲ್ಲಿ ಮೀಸೆ ಕಟ್ಟಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಕೇಳಿದ, "ಸೊಸೆ ಕೈಯಲ್ಲೂ ಗಾಯ ಇತ್ತಲ್ಲ ಅಮ್ಮಾವ್ರೇ. ಅವಳಲ್ಲ ಅಂತ ನಿಮಗೆ ಯಾವಾಗ ಅನ್ನಿಸ್ತು?"

"ನಿನ್ನ ಬೆರಳು ಈಗ ಯಾವ ಬಣ್ಣ?"

"ಕಪ್ಪು, ಕೆಂಪು."

"ಅವಳದ್ದು ಹಳದಿ ಹಸಿರು. ಕಂದಿದ ಚರ್ಮ ಆ ಬಣ್ಣಕ್ಕೆ ಬರೋಕೆ ನಾಲ್ಕೈದು ದಿನ ಬೇಕು. ಇವತ್ತು ಗುರುವಾರ. ಭಾನುವಾರ ಅಂದಳಲ್ಲ, ನಿಜ ಹೇಳಿದ್ದಳು. ಇವತ್ತಿನ ಗಾಯ ಅವಳ ಮೈಮೇಲೆ ಒಂದೂ ಇರ್ಲಿಲ್ಲ. ಅಂಥ ಎಂಟು ನಿಮಿಷದ ಯುದ್ಧದಿಂದ ಯಾರೂ ಮೈ ತರಚದೆ ಆಚೆ ಬರೋಕೆ ಸಾಧ್ಯವಿಲ್ಲ."

ಮೀಸೆ ಪುಸ್ತಕ ತೆಗೆದು, ಬೆಳಿಗ್ಗೆ ಎಳೆದ ಗೆರೆಯ ಮೇಲೆ ಕಾಟು ಹೊಡೆದ.

* * *

ಸಂಜೆ ಐದಕ್ಕೆ ಡಾಕ್ಟರ್ ಅವರೇ ಫೋನ್ ಮಾಡಿದರು. "ಕಣ್ಣು ಬಿಟ್ಟಿದಾರೆ. ಬನ್ನಿ. ಬೈತಾ ಇದಾರೆ, ಅಂದ್ರೆ ಅಪಾಯ ಕಳೀತು ಅಂತ."

ವಾರ್ಡಿನ ಹೊರಗೆ ಬೆಂಚಿನ ಮೇಲೆ ಸೊಸೆ ಬೆಳಗಿನ ಅದೇ ಖಾಕಿ ಅಂಗಿಯಲ್ಲಿ ಕೂತಿದ್ದಳು. ಇನ್ಸ್‌ಪೆಕ್ಟರಳನ್ನು ಕಂಡು ಎದ್ದು ನಿಂತಳು. ಎರಡೂ ಕೈಯನ್ನು ಮುಂದೆ ಜೋಡಿಸಿ ಹಿಡಿದಿದ್ದಳು, ಬೇಡಿ ಹಾಕಿ ಎನ್ನುವ ಹಾಗೆ.

"ಸಿಕ್ಕಿದ. ಪಕ್ಕದ ಅಂಗಡಿಯವನು. ಒಪ್ಕೊಂಡಿದಾನೆ," ಎಂದಳು ಇನ್ಸ್‌ಪೆಕ್ಟರ್. "ನೀವು ಒಳಗೆ ಬನ್ನಿ."

ಹುಡುಗಿ ಇಡೀ ದಿನ ಹಿಡಿದಿಟ್ಟಿದ್ದ ಉಸಿರೊಂದು ಸದ್ದು ಮಾಡುತ್ತ ಹೊರಬಂತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತಳು.

ಮೊಟ್ಟೆಯಮ್ಮ ತಲೆಗೆ ಮುಂಡಾಸಿನಷ್ಟು ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಳು. ಬಕೆಟ್ ಎತ್ತಿಕೊಂಡದ್ದರ ಆಚೆ ಅವಳಿಗೆ ಏನೂ ನೆನಪಿರಲಿಲ್ಲ. ನಿಯಮದ ಪ್ರಕಾರ ಇನ್ಸ್‌ಪೆಕ್ಟರ್ ಕೇಳಲೇಬೇಕಿತ್ತು. ಕೇಳಿದಳು.

"ಅಮ್ಮಾ, ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ? ಮನೆಯವರ ಮೇಲೆ? ಸೊಸೆ ಮೇಲೆ?"

"ಯಾರು, ಅವಳಾ?" ಮುದುಕಿ ದಿಂಬಿನಿಂದ ತಲೆಯೆತ್ತಲು ಹೋಗಿ ನೋವಿಗೆ ಮುಖ ಕಿವಿಚಿದಳು. "ನಿಮಗೆ ಬುದ್ಧಿ ಇದೆಯಾ? ಅವಳು ತಳ್ಳೋ ಹಾಗಿದ್ರೆ ನನ್ನೆದುರು ನಿಂತು, ‘ಈಗ ತಳ್ತೀನಿ’ ಅಂತ ಹೇಳಿ ತಳ್ತಾಳೆ. ಒಳಗೊಂದು ಹೊರಗೊಂದು ಅವಳಿಗೆ ಬರಲ್ಲ. ಸ್ವಲ್ಪ ಮನಸ್ಸಲ್ಲಿಟ್ಕೊಳ್ಳೋದು ಕಲಿಯೇ ಅಂತ ನಾನೇ ಬಡ್ಕೊಂಡಿದೀನಿ. ಬರ್ಕೊಳ್ಳಿ, ನಾನು ಹೇಳಿದ್ದು ಅಂತ."

ಮೀಸೆ ಬರೆದುಕೊಂಡ. ಒಂದಕ್ಷರ ಬಿಡದೆ ಬರೆದುಕೊಂಡ.

ಬಾಗಿಲಲ್ಲಿ ನಿಂತ ಸೊಸೆ, ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವಳು, ಮುಖಕ್ಕೆ ಎರಡೂ ಕೈ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಅಯ್ಯೋ, ಇವಳ್ಯಾಕೆ ಅಳ್ತಿದಾಳೆ?" ಮೊಟ್ಟೆಯಮ್ಮ ಗಾಬರಿಯಾದಳು. "ನಾನು ಸತ್ತಿಲ್ವಲ್ಲೇ!"

"ಅದಕ್ಕೇ ಅಳ್ತಿರೋದು!" ಎಂದಳು ಸೊಸೆ.

ಮೊದಲು ನಕ್ಕವಳು ಮೊಟ್ಟೆಯಮ್ಮನೇ. ಹೊಲಿಗೆ ಎಳೆದು "ಅಮ್ಮಾ" ಎಂದು ನರಳಿ ಮತ್ತೆ ನಕ್ಕಳು. ಸೊಸೆ ಓಡಿ ಬಂದು ಅವಳ ತಲೆ ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡಳು. ಸದ್ದು ಕೇಳಿ ನರ್ಸ್ ಬಂದು ಪೊಲೀಸರಿಬ್ಬರನ್ನೂ ಹೊರಗೆ ಅಟ್ಟಿದಳು.